ಸೀಸದ ಹೊಲದ ಹುಲ್ಲು

ಬೈರಾಪಟ್ಟಣ
ಚನ್ನಪಟ್ಟಣ ತಾಲ್ಲೂಕು
17 ಆಗಸ್ಟ್ 2008

ಪ್ರೀತಿಯ ತಂಗಿ ಮಾಯಮ್ಮನಿಗೆ,

ನಿನ್ನ ಅಣ್ಣ ಕೆಂಪರಾಜುವಿನ ಆಶೀರ್ವಾದ. ಇಲ್ಲಿ ನಾನು ಇದ್ದೇನೆ. ಮಾಗಡಿಯಲ್ಲಿ ನೀನು, ಲೋಕೇಶ್ ಭಾವ, ಸಿರಿ ಮೂವರೂ ಆರೋಗ್ಯವಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ.

ಕಾಗದ ತಡವಾಯಿತು, ಕ್ಷಮಿಸು. ಮೂರು ವರ್ಷದ ತಡಕ್ಕೆ ಹೇಗೆ ಕ್ಷಮೆ ಕೇಳುವುದೋ ತಿಳಿಯದೆ ಇನ್ನಷ್ಟು ತಡವಾಯಿತು. ಫೋನು ಮಾಡಬಹುದಿತ್ತು, ಭಾವನ ನಂಬರು ನನ್ನ ಹತ್ತಿರ ಇದೆ. ಆದರೆ ನಾನು ಮಾತಾಡಿದ ಮೇಲೆ ಆ ಕಡೆಯಿಂದ ನೀನು ಸುಮ್ಮನಿದ್ದರೆ ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ. ಕಾಗದವಾದರೆ ನೀನು ಸುಮ್ಮನಿರುವುದು ನನಗೆ ಕೇಳಿಸುವುದಿಲ್ಲ.

ಈಗ ಬರೆಯಲೇಬೇಕಾದ ಕಾರಣವೊಂದು ಬಂದಿದೆ. ಮೇಲಿನ ಬೀದಿಯ ನರಸಯ್ಯ ನಿನಗೆ ನೆನಪಿರಬೇಕು, ನನ್ನ ಜೊತೆ ಚನ್ನಪಟ್ಟಣದಲ್ಲಿ ಓದಿದವನು. ಈಗ ಬೇಸಾಯ ಬಿಟ್ಟು ಜಮೀನು ಕೊಡಿಸುವ ಬ್ರೋಕರ್ ಆಗಿದ್ದಾನೆ. ಮೈಸೂರು ರಸ್ತೆ ಅಗಲವಾದ ಮೇಲೆ ಅವನಂಥವರು ಊರಿಗೆ ನಾಲ್ಕು ಜನ ಇದ್ದಾರೆ. ನಮ್ಮ ಬಂಡೆಹೊಲವನ್ನು ಲೇಔಟ್ ಮಾಡುವವರು ಕೇಳುತ್ತಿದ್ದಾರಂತೆ. ಹೊಲ ಅಪ್ಪನಿಂದ ನಮ್ಮಿಬ್ಬರ ಹೆಸರಿಗೂ ಬಂದಿರುವುದರಿಂದ ನಿನ್ನ ಸಹಿಯೂ ಬೇಕು. ನಾನು ಆಗುವುದಿಲ್ಲ ಎಂದೆ. ಅವನು ಬಿಡಲಿಲ್ಲ.

"ಏನೂ ಬೆಳೀದ ನೆಲಾನ ಕಾಯ್ಕೊಂಡು ಏನ್ಲಾ ಮಾಡ್ತೀಯ? ಅವ್ರು ಮ್ಯಾಗಿನ ಎರಡಡಿ ಮಣ್ಣ ಎತ್ತಾಕ್ಬುಟ್ಟು ರಸ್ತೆ ಹಾಕ್ತಾರೆ. ಸೀಸಾನೂ ಹೋಯ್ತದೆ, ನಿಂಗೆ ಬಂದಿರೋ ಹೆಸರೂ ಹೋಯ್ತದೆ" ಎಂದ.

ಎತ್ತಿದ ಮಣ್ಣನ್ನು ಎಲ್ಲಿ ಹಾಕುತ್ತಾರೆ ಎಂದು ಕೇಳಿದೆ. ಕೆರೆ ಏರಿಯ ಪಕ್ಕದ ಹಳ್ಳಕ್ಕೆ ತುಂಬುತ್ತಾರೆ ಎಂದು ಸಲೀಸಾಗಿ ಹೇಳಿದ. ನಾನು ಒಪ್ಪದಿದ್ದರೆ ಮಾಗಡಿಗೆ ಹೋಗಿ ನಿನ್ನ ಹತ್ತಿರವೇ ಮಾತಾಡುತ್ತಾನಂತೆ. ಅವನು ಬರುವುದಕ್ಕೆ ಮುಂಚೆ ಈ ಕಾಗದ ನಿನ್ನ ಕೈಗೆ ಸಿಗಲಿ. ನಿನಗೆ ಗೊತ್ತಿರುವ ಭಾಗವನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಡುವಿನಿಂದ ಶುರು ಮಾಡಲು ನನಗೆ ಬರುವುದಿಲ್ಲ.

ನೀನು ನರ್ಸ್ ಟ್ರೈನಿಂಗಿಗೆ ಹೊರಟಾಗ ಸಿರಿಗೆ ಮೂರು ತುಂಬಿರಲಿಲ್ಲ. ಭಾವ ಲಾರಿ ತೆಗೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮಗುವನ್ನು ಎಲ್ಲಿ ಬಿಡುವುದು ಎಂದು ನೀನು ಅಳುತ್ತಾ ಬಂದಾಗ ನನ್ನ ಹತ್ತಿರವೇ ಇರಲಿ ಎಂದವನು ನಾನು. ನಿನ್ನ ಅತ್ತಿಗೆ ಬೋರಮ್ಮ ತೀರಿಕೊಂಡು ಐದು ವರ್ಷವಾಗಿತ್ತು. ಅವಳ ಹಾಸಿಗೆ ಸುತ್ತಿಟ್ಟ ಮೂಲೆಯಲ್ಲಿ ಸಿರಿಯ ಚಾಪೆ ಹಾಸಿದೆ. ಮನೆಯಲ್ಲಿ ಇನ್ನೊಬ್ಬರ ಉಸಿರು ಕೇಳುವುದು ಎಂದರೆ ಏನು ಎಂಬುದು ನನಗೆ ಮರೆತೇಹೋಗಿತ್ತು. ಅವಳಿಗೆ ತಲೆ ಬಾಚಲು ಕಲಿತೆ. ಎರಡು ಜಡೆ ಹಾಕಲು ಕಲಿಯುವುದರೊಳಗೆ ರೇಷ್ಮೆಹುಳುವಿನ ಒಂದು ಬೆಳೆಯೇ ಮುಗಿದಿತ್ತು. ಹುಳುಮನೆಯಲ್ಲಿ ನಾನು ಸೊಪ್ಪು ಹಾಕುತ್ತಿದ್ದರೆ ಅವಳು ತಟ್ಟೆಗಳ ಕೆಳಗೆ ಕೂತು ಹುಳುಗಳಿಗೆ ಹೆಸರಿಡುತ್ತಿದ್ದಳು. ಎಲ್ಲಕ್ಕೂ ಒಂದೇ ಹೆಸರು, ಮಾಯಿ. ಅದು ನಾನು ನಿನ್ನನ್ನು ಕರೆಯುವ ಹೆಸರು, ಅವಳಿಗೆ ಅದು ಹೇಗೆ ನೆನಪಿತ್ತೋ.

ಮರುವರ್ಷ ಬೆಂಗಳೂರಿನ ಕಡೆಯವನೊಬ್ಬ ಬಂದು ಬಂಡೆಹೊಲವನ್ನು ಬಾಡಿಗೆಗೆ ಕೇಳಿದ. ಹುರುಳಿ ಬಿಟ್ಟು ಬೇರೇನೂ ಬರದ ನೆಲ. ಹಳೇ ಬ್ಯಾಟರಿ ಇಡುವ ಗೋಡೌನು ಎಂದ. ನಿನ್ನನ್ನು ಕೇಳದೆಯೇ ಒಪ್ಪಿಕೊಂಡೆ. ತಗಡಿನ ಶೆಡ್ಡು ಎದ್ದಿತು. ಗೋಡೌನು ಎಂದದ್ದು ಸುಳ್ಳು. ಲಾರಿಗಳ ಸತ್ತ ಬ್ಯಾಟರಿಗಳನ್ನು ಒಡೆದು, ಆಸಿಡ್ಡನ್ನು ಗುಂಡಿಗೆ ಸುರಿದು, ಒಳಗಿನ ಸೀಸವನ್ನು ಕುಲುಮೆಯಲ್ಲಿ ಕರಗಿಸಿ ಗಟ್ಟಿ ಮಾಡಿ ಒಯ್ಯುತ್ತಿದ್ದರು. ನಮ್ಮ ಹಿಪ್ಪುನೇರಳೆ ತೋಟ ಅದರ ಬೇಲಿಗೆ ತಗುಲಿಕೊಂಡೇ ಇತ್ತಲ್ಲ. ಹೊಗೆ ನೆಲದ ಮೇಲೇ ಮಲಗುತ್ತಿತ್ತು.

ಮುಂದಿನದನ್ನು ನೀನೇ ಕಣ್ಣಾರೆ ಕಂಡೆ. 2005ರ ಸೆಪ್ಟೆಂಬರಿನಲ್ಲಿ ನೀನು ಬಂದಾಗ ಮಗು ಬಿಳಿಚಿಕೊಂಡಿತ್ತು, ಹೊಟ್ಟೆ ಹಿಡಿದುಕೊಂಡು ಮುದುರುತ್ತಿತ್ತು, ಬರುತ್ತಿದ್ದ ಮಾತುಗಳನ್ನೇ ಮರೆಯುತ್ತಿತ್ತು. ನಾನು ಜಂತು ಎಂದುಕೊಂಡು ಔಷಧಿ ಕೊಡಿಸಿದ್ದೆ. ನೀನು ಅವಳ ಒಸಡಿನ ಅಂಚಿನ ನೀಲಿ ಗೆರೆ ನೋಡಿ ಅವತ್ತೇ ಬೆಂಗಳೂರಿನ ಆಸ್ಪತ್ರೆಗೆ ಒಯ್ದೆ. ರಕ್ತದಲ್ಲಿ ಸೀಸ ಎಂದರು. ಬಟ್ಟೆ ತೆಗೆದುಕೊಂಡು ಹೋಗಲು ನೀನು ವಾಪಸು ಬಂದಾಗ ನಾನು ಹೊಸಿಲ ಹತ್ತಿರ ನಿಂತು "ನಂಗೊತ್ತಿರ್ನಿಲ್ಲ ಕಣವ್ವ" ಎಂದೆ.

"ಗೊತ್ತಿರ್ನಿಲ್ಲ ಅನ್ನೋದ್ನ ಇವ್ಳ ರಕ್ತಕ್ಕೆ ಹೇಳಣ್ಣ" ಎಂದು ಹೇಳಿ ನೀನು ಹೊರಟೆ.

ಇಲ್ಲಿಂದ ಮುಂದಿನದು ನಿನಗೆ ತಿಳಿಯದ್ದು.

ಸಿರಿಯ ವಿಷಯ ಊರಿಗೆಲ್ಲ ಹಬ್ಬಿ ಜನ ಶೆಡ್ಡಿಗೆ ನುಗ್ಗಿದರು. ಎರಡೇ ದಿನದಲ್ಲಿ ಶೆಡ್ಡಿನವನು ತಗಡುಗಳನ್ನು ಬಿಚ್ಚಿಕೊಂಡು ಹೋದ. ಕುಲುಮೆಯ ಕಿಟ್ಟ, ಬ್ಯಾಟರಿಗಳ ಒಡೆದ ಕರಿ ಡಬ್ಬಿಗಳು, ಆಸಿಡ್ ಗುಂಡಿ ನಮಗೆ ಉಳಿದವು. ಆಮೇಲೆ ಆ ನೆಲದಲ್ಲಿ ಕಳೆ ಕೂಡ ಹುಟ್ಟಲಿಲ್ಲ. ಶಿವರಾತ್ರಿ ಹೊತ್ತಿಗೆ ಗಾಳಿ ಎದ್ದರೆ ಬೂದು ಧೂಳು ಎದ್ದು ಊರ ಕಡೆಗೇ ತೇಲುತ್ತಿತ್ತು. ಹೆಂಗಸರು ಕಿಟಕಿ ಮುಚ್ಚಿಕೊಂಡು ನನ್ನನ್ನು ಶಪಿಸುತ್ತಿದ್ದರು. ಅವರದು ತಪ್ಪಲ್ಲ. ನಮ್ಮ ಬೋರಿನ ನೀರಿಗೆ ಯಾರೂ ಬಿಂದಿಗೆ ತರುವುದನ್ನು ಬಿಟ್ಟರು. ಹಿಪ್ಪುನೇರಳೆ ತೋಟವನ್ನೆಲ್ಲ ನಾನೇ ಬುಡಸಮೇತ ಕಿತ್ತೆ. ಹುಳು ಸಾಕುವುದು ನಿಂತಿತು. ನನ್ನನ್ನು ಸೀಸದ ಹೊಲದವನು ಎಂದು ಗುರುತು ಹೇಳತೊಡಗಿದರು. ಮನೆಯಲ್ಲಿ ಒಂದು ಮುದ್ದೆಗೆ ಆಗುವಷ್ಟು ನೀರಿಡುವುದು ಮತ್ತೆ ಅಭ್ಯಾಸವಾಯಿತು. ಆದರೂ ತಿಂಗಳುಗಟ್ಟಲೆ ಅಳತೆ ತಪ್ಪಿ ಪುಟ್ಟದೊಂದು ಉಂಡೆ ಹೆಚ್ಚಾಗುತ್ತಿತ್ತು.

2006ರ ಮೇ ತಿಂಗಳಲ್ಲಿ ಹಳೇ ತಟ್ಟೆಗಳನ್ನು ಮಾರಲು ರಾಮನಗರಕ್ಕೆ ಹೋಗಿದ್ದೆ. ಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ಪೀರ್ ಸಾಬರು ಸಿಕ್ಕಿದರು. ಹತ್ತು ವರ್ಷ ಹರಾಜಿನಲ್ಲಿ ನಮ್ಮ ಗೂಡು ಕೊಂಡು ನೂಲು ತೆಗೆದ ರೀಲರ್ ಅವರು. ಗೂಡೂ ಕಾಣಲ್ಲ, ನೀವೂ ಕಾಣಲ್ಲ, ಏನಾಯಿತು ಎಂದರು. ಅಲ್ಲೇ ಚಹಾದಂಗಡಿಯ ಮುಂದೆ ನಿಂತು ಎಲ್ಲ ಹೇಳಿದೆ. ಎಂಟು ತಿಂಗಳ ನಂತರ ಮನುಷ್ಯರ ಹತ್ತಿರ ಮಾತಾಡಿದ್ದು ಅವತ್ತೇ ಎಂದು ಕಾಣುತ್ತದೆ, ನಿಲ್ಲಿಸಲು ಆಗಲಿಲ್ಲ. ಅವರು ಸಮಾಧಾನ ಹೇಳಲಿಲ್ಲ. "ನಮ್ ಹುಡ್ಗಿ ಮಣ್ಣಿಂದೇ ಓದ್ತಾವ್ಳೆ, ಕಳಿಸ್ತೀನಿ. ಅವ್ಳು ಆಗಲ್ಲ ಅಂದ್ರೆ ಆಗಲ್ಲ" ಎಂದರು.

ಹಾಗೆ ಬಂದವಳು ಅವರ ಮಗಳು ಕೆಹಕಶಾನ್. ಬೆಂಗಳೂರಿನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುತ್ತಾಳೆ, ದಿನವೂ ರೈಲಿನಲ್ಲಿ ಓಡಾಟ. ಇಪ್ಪತ್ತಾರು ವರ್ಷವಿರಬಹುದು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಂಡೆಹೊಲದ ಹದಿನೆಂಟು ಕಡೆ ಮಣ್ಣು ಅಗೆದು ಚೀಲ ಕಟ್ಟಿದಳು. ಮೂರು ವಾರದ ಮೇಲೆ ಬಂದು ಲೆಕ್ಕ ಹೇಳಿದಳು. ಇಷ್ಟು ಸೀಸವನ್ನು ತೊಳೆಯಲು ಆಗದು, ಬೇರೆ ಕಡೆ ಒಯ್ದು ಹಾಕಿದರೆ ಆ ಊರಿನವರು ಏನು ಮಾಡಬೇಕು ಎಂದಳು. ಹಾಗಾದರೆ ದಾರಿಯೇ ಇಲ್ಲವೇ ಎಂದೆ. ಓಡಾಡದಂತೆ ಕೂರಿಸಬಹುದು ಎಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮಣ್ಣಿನಲ್ಲಿ ಅಣಬೆಯ ಜಾತಿಯ ಒಂದು ಬೂಷ್ಟು ಇರುತ್ತದೆ. ಗಿಡದ ಬೇರಿನೊಳಗೆ ಮನೆ ಮಾಡಿಕೊಂಡು, ಅಲ್ಲಿಂದ ರೇಷ್ಮೆ ಎಳೆಗಿಂತ ಎಷ್ಟೋ ಪಟ್ಟು ಸಣ್ಣ ಎಳೆಗಳನ್ನು ಮಣ್ಣಿನ ಉದ್ದಗಲಕ್ಕೂ ಬಿಡುತ್ತದೆ. ಗಿಡಕ್ಕೆ ಬೇರು ಮುಟ್ಟದ ಕಡೆಯಿಂದ ನೀರು, ಸಾರ ತಂದು ಕೊಡುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಆ ಎಳೆಗಳ ಗೋಡೆಗೆ ಸೀಸ ಅಂಟಿಕೊಳ್ಳುತ್ತದೆ. ಎಳೆಗಳು ಬಿಡುವ ಒಂದು ಬಗೆಯ ಗೋಂದು ಮಣ್ಣಿನ ಪುಡಿಯನ್ನು ಒಂದಕ್ಕೊಂದು ಹಿಡಿದು ಹರಳು ಮಾಡುತ್ತದೆ. ಧೂಳು ಏಳುವುದಿಲ್ಲ, ಸೀಸ ಬಾವಿಗೆ ಇಳಿಯುವುದು, ಎಲೆಗೆ ಏರುವುದು ಕಡಿಮೆಯಾಗುತ್ತದೆ. ಒಂದು ದಿನ ಬೇರಿನ ತುಣುಕಿಗೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಬೇರಿನೊಳಗೆ ನೀಲಿ ದಾರ, ದಾರಕ್ಕೆ ಪುಟ್ಟ ಪುಟ್ಟ ಚೀಲ. ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದೆ.

"ಕೆಂಪರಾಜಣ್ಣ, ಇದು ವಿಷಾನ ಓಡಿಸಲ್ಲ, ತಿಳ್ಕೊಳಿ. ಹಿಡ್ಕೊಂಡು ಕೂತಿರ್ತದೆ, ಅಷ್ಟೆ. ಅದು ಕೂತಿರೋವರ್ಗೂ ನೀವೂ ಕಾಯ್ತಾ ಕೂತಿರ್ಬೇಕು" ಎಂದಳು.

ನೀನು ಹೋದ ಮೇಲೆ ನನ್ನನ್ನು ಅಣ್ಣ ಎಂದು ಕರೆದವಳು ಅವಳೊಬ್ಬಳೇ, ಮಾಯಿ. ಅದಕ್ಕೇ ಇರಬೇಕು, ಏನು ಹೇಳಿದರೂ ಮಾಡಿದೆ.

ಮೊದಲನೇ ವರ್ಷ ಎಲ್ಲ ಹಾಳಾಯಿತು. ಸುಣ್ಣ, ಸಗಣಿ ಗೊಬ್ಬರ ಹಾಕಿ ಆಸಿಡ್ಡಿನ ಹುಳಿ ಇಳಿಸಿದೆವು. ಅವಳು ಪ್ರಯೋಗಾಲಯದಿಂದ ತಂದ ಬೂಷ್ಟಿನ ಪುಡಿಯನ್ನು ಗುಣಿಗೆ ಹಾಕಿ ಲಾವಂಚದ ಬುಡಗಳನ್ನು ನೆಟ್ಟೆವು. ಮಳೆಗಾಲದಲ್ಲಿ ಹಸಿರಾಗಿ ನಿಂತವು, ದೀಪಾವಳಿಯ ಹೊತ್ತಿಗೆ ತುದಿ ಕೆಂಪಾಗಿ ಒಂದೊಂದೇ ಕೂತುಬಿಟ್ಟವು. ಊರಿನವರು ಬೇಲಿಯ ಆಚೆ ನಿಂತು ನೋಡಿಕೊಂಡು ಹೋದರು. ಅವತ್ತು ಕೆಹಕಶಾನ್ ಒಣಗಿದ ಒಂದು ಬುಡವನ್ನು ಚೀಲಕ್ಕೆ ಹಾಕಿಕೊಂಡು ಬೇಗನೆ ಬಸ್ಸಿಗೆ ನಡೆದಳು. ಇನ್ನು ಇವಳೂ ಬರುವುದಿಲ್ಲ ಎಂದುಕೊಂಡೆ.

ಆದರೆ ಬಂದಳು. ಜನವರಿಯಲ್ಲಿ ಆಸಿಡ್ ಗುಂಡಿಯ ಅಂಚಿನಲ್ಲಿ, ಕಿಟ್ಟದ ಗುಡ್ಡೆಯ ನೆರಳಿನಲ್ಲಿ, ಅಂಗೈಯಗಲ ಗರಿಕೆ ಬದುಕಿರುವುದನ್ನು ನಾನೇ ಕಂಡು ತೋರಿಸಿದೆ. ಅವಳು ಮಂಡಿಯೂರಿ ಕೂತು ಬೆರಳಿನಿಂದ ಮಣ್ಣು ಬಿಡಿಸಿದಳು. ಲ್ಯಾಬಿನಲ್ಲಿ ಸುಖವಾಗಿ ಬೆಳೆದ ಬೂಷ್ಟು ಇಲ್ಲಿ ಸತ್ತಿತು, ಇದರ ಬೇರಿನಲ್ಲಿರುವುದು ಇಲ್ಲೇ ಹುಟ್ಟಿ ಇಲ್ಲೇ ಸೀಸ ಕುಡಿದು ಉಳಿದಿರುವುದು, ನಮಗೆ ಬೇಕಾದದ್ದು ಇದು ಎಂದಳು. ಆ ಗರಿಕೆಯ ಬೇರಿನಿಂದ ಬೂಷ್ಟನ್ನು ಎತ್ತಿ, ಕುಂಡಗಳಲ್ಲಿ ಜೋಳ ಬಿತ್ತಿ, ಜೋಳದ ಬೇರಿನ ಮೇಲೆ ಅದನ್ನು ಬೆಳೆಸಬೇಕಾಗಿತ್ತು. ಕುಂಡ ಇಡಲು ಗಾಳಿ ಬೆಳಕು ಹದವಾಗಿರುವ ಜಾಗ ಬೇಕೆಂದಳು. ನಮ್ಮ ಹುಳುಮನೆಯ ಬೀಗ ತೆಗೆದೆ.

ಒಂದೂವರೆ ವರ್ಷ ಆ ಕುಂಡಗಳನ್ನು ನೋಡಿಕೊಂಡೆ. ನೂರಾ ಅರವತ್ತು ಕುಂಡ. ಬೆಳಗ್ಗೆ ಅಳೆದು ನೀರು, ಸಂಜೆ ಕಿಟಕಿ ಪರದೆ. ಅವಳು ವಾರಕ್ಕೊಮ್ಮೆ ಬರುತ್ತಿದ್ದಳು. ಉಳಿದ ಆರು ದಿನ ನಾನು, ಜೋಳದ ಗರಿ, ಒಂದು ರೇಡಿಯೊ. ಹುಳು ಇದ್ದಾಗ ಸೊಪ್ಪು ತಿನ್ನುವ ಸದ್ದಿಗೆ ಆ ಮನೆ ತುಂಬಿರುತ್ತಿತ್ತು. ಈ ಬೂಷ್ಟಿಗೆ ಸದ್ದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಇದೆ ಎಂದು ನಂಬಿಕೊಂಡು ನೀರು ಹಾಕಬೇಕು. ನಾನು ಕುಂಡಗಳ ಹತ್ತಿರ ಮಾತಾಡಲು ಶುರು ಮಾಡಿದ್ದೆ ಎಂದರೆ ನಗಬೇಡ. ಹೆಚ್ಚಾಗಿ ನಿನ್ನ ಹತ್ತಿರ ಆಡಬೇಕಾದ ಮಾತುಗಳನ್ನೇ ಆಡುತ್ತಿದ್ದೆ.

ಈ ವರ್ಷ ಜೂನಿನಲ್ಲಿ ಕುಂಡಗಳ ಬೇರು, ಮಣ್ಣನ್ನು ಗುಣಿಗೆ ಹಾಕಿ ಮತ್ತೆ ನೆಟ್ಟೆವು. ಲಾವಂಚ, ನಡುವೆ ಗರಿಕೆ, ಅಂಚಿಗೆ ಹೊಂಗೆ. ಎರಡು ತಿಂಗಳಾಯಿತು. ಒಂದು ಬುಡವೂ ಸತ್ತಿಲ್ಲ. ಹೋದ ತಿಂಗಳು ಆಷಾಢದ ಗಾಳಿ ಬೀಸಿದಾಗ ಹೊಲದಿಂದ ಧೂಳು ಏಳಲಿಲ್ಲ. ಬೀದಿ ಕೊನೆಯ ಗುಲ್ಜಾರ್ ಬೀ, ಹೋದ ವರ್ಷ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದವಳು, ಕಿಟಕಿ ತೆರೆದಿಟ್ಟು ಸೊಪ್ಪು ಸೋಸುತ್ತಾ ಕೂತಿದ್ದಳು. ಮಾತಾಡಿಸಲಿಲ್ಲ. ಕಿಟಕಿ ಮುಚ್ಚಲೂ ಇಲ್ಲ.

ಈಗ ನರಸಯ್ಯನ ಜನ ಮಣ್ಣು ಎತ್ತಿದರೆ ಆ ಎಳೆಗಳೆಲ್ಲ ಹರಿದು, ಹಿಡಿದಿಟ್ಟದ್ದೆಲ್ಲ ಬಿಟ್ಟು, ಕೆರೆಗೆ ಸೇರುತ್ತದೆ. ಆ ನೆಲದಲ್ಲಿ ಇನ್ನು ನಮ್ಮ ಜೀವಮಾನದಲ್ಲಿ ಉಣ್ಣುವಂಥದ್ದು, ದನ ಮೇಯುವಂಥದ್ದು ಏನೂ ಬೆಳೆಯುವ ಹಾಗಿಲ್ಲ. ಅದು ನಮಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಸುಮ್ಮನೆ ಬೇಲಿ ಹಾಕಿ ಬಿಡಬೇಕು. ಅರ್ಧ ನಿನ್ನದು, ಹೋದ ಸಲ ನಿನ್ನನ್ನು ಕೇಳಲಿಲ್ಲ. ಈ ಸಲ ಕೇಳುತ್ತಿದ್ದೇನೆ. ಸಹಿ ಹಾಕಬೇಡ ಎಂದು ಹೇಳುವ ಹಕ್ಕು ನನಗಿಲ್ಲ. ವಿಷಯ ತಿಳಿಸಿದ್ದೇನೆ, ನೀನು ಹೇಗೆ ಮಾಡಿದರೂ ಸರಿ.

ಸಿರಿಗೆ ಮಾವನ ಮುತ್ತು. ಅವಳಿಗೆ ನನ್ನ ನೆನಪು ಇದೆಯೋ ಇಲ್ಲವೋ. ಇಲ್ಲದಿದ್ದರೆ ನೆನಪು ಮಾಡಿಸಬೇಡ.

ಇಂತಿ ನಿನ್ನ ಅಣ್ಣ,
ಕೆಂಪರಾಜು


ಬೈರಾಪಟ್ಟಣ
20 ಜನವರಿ 2009

ಪ್ರೀತಿಯ ಮಾಯಿ,

ನಿನಗೂ ಸಿರಿಗೂ ಭಾವನಿಗೂ ನನ್ನ ಆಶೀರ್ವಾದ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಮತ್ತೆ ಕ್ಷಮೆ. ದಿನವೂ ಬರೆಯಲು ಕೂರುತ್ತಿದ್ದೆ, ನಿನ್ನ ಕಾಗದವನ್ನೇ ಇನ್ನೊಂದು ಸಲ ಓದಿ ಏಳುತ್ತಿದ್ದೆ.

ನರಸಯ್ಯ ಮಾಗಡಿಯಿಂದ ವಾಪಸು ಬಂದವನೇ ನನ್ನ ಹತ್ತಿರ ಬಂದಿದ್ದ. ನಿನ್ನ ತಂಗಿ ನಿಂಗಿಂತ ಗಟ್ಟಿ ಕಣ್ಲಾ ಎಂದ. ನೀನು ಅವನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ಡ್ಯೂಟಿ ಮುಗಿಯುವವರೆಗೂ ಕಾಯಿಸಿ, ಆಮೇಲೆ ಸಿರಿಯನ್ನು ಕರೆದು ಅವನ ಮುಂದೆ ಹದಿನೇಳರ ಮೇಲೆ ಐದು ಎಷ್ಟು ಎಂದು ಕೇಳಿದೆಯಂತೆ. ಮಗು ಬೆರಳು ಎಣಿಸಿ, ಮರೆತು, ಮತ್ತೆ ಮೊದಲಿನಿಂದ ಎಣಿಸಿತಂತೆ. "ಈ ಮಣ್ಣ ನಮ್ಮೂರ್ ಕೆರೆಗ್ ಹಾಕ್ಬೇಕಾ ನರಸಯ್ಯಣ್ಣ?" ಎಂದು ನೀನು ಕೇಳಿದ ಮೇಲೆ ಅವನಿಗೆ ಅಲ್ಲಿ ಕೂರಲು ಆಗಲಿಲ್ಲವಂತೆ. ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಈಗ ಲೇಔಟಿನವರು ರಸ್ತೆಯ ಆಚೆ ಬೇರೆ ಜಮೀನು ಹಿಡಿದಿದ್ದಾರೆ.

ಹೊಲದ ಸುದ್ದಿ ಹೇಳಬೇಕು. ಕೆಹಕಶಾನ್ ಕಳೆದ ವಾರ ಕೊನೆಯ ಪರೀಕ್ಷೆಯ ಫಲಿತಾಂಶ ತಂದಳು. ಸೀಸ ಅಲ್ಲೇ ಇದೆ, ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಆದರೆ ಮಳೆ ನೀರಿನ ಜೊತೆ ಹೊರಡುವ ಸೀಸ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಲಾವಂಚದ ಬೇರಿನಲ್ಲಿ ಇರುವುದರ ಇಪ್ಪತ್ತರಲ್ಲಿ ಒಂದು ಪಾಲೂ ಎಲೆಗೆ ಏರಿಲ್ಲ. ಬೋರಿನ ನೀರು ಕುಡಿಯಬಹುದು ಎಂದು ಬರೆದುಕೊಟ್ಟಿದ್ದಾಳೆ. ಆ ಹಾಳೆಯನ್ನು ಪಂಚಾಯ್ತಿಯಲ್ಲಿ ತೋರಿಸಿ ಬಂದೆ. ಮರುದಿನ ಗುಲ್ಜಾರ್ ಬೀ ಒಂದು ಬಿಂದಿಗೆ ತಂದು, ನಾನು ಇರುವುದನ್ನು ಕಂಡೂ ಕಾಣದವಳಂತೆ ತುಂಬಿಕೊಂಡು ಹೋದಳು. ಅವಳು ಹೋದ ಮೇಲೆ ಬೋರಿನ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದೆ.

ಕೆಹಕಶಾನಳ ಓದು ಮುಗಿಯಿತು. ರಾಯಚೂರಿನ ಕಡೆ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತಾಳೆ. ಹೋಗುವ ಮುಂಚೆ ಪೀರ್ ಸಾಬರ ಮನೆಗೆ ಊಟಕ್ಕೆ ಕರೆದರು. ಅವಳ ತಾಯಿ ಖತೀಜಾ ಎಲ್ಲರಿಗಿಂತ ಮೊದಲು ನನಗೆ ಬಡಿಸಿದರು. ನಮ್ಮ ಹುಡುಗಿ ತನ್ನ ಸಂಶೋಧನೆಯ ಪುಸ್ತಕದಲ್ಲಿ ನಿಮ್ಮ ಹೆಸರು ಹಾಕಿದ್ದಾಳೆ ಎಂದು ಪೀರ್ ಸಾಬರು ಹೇಳಿದರು. ಇಂಗ್ಲಿಷಿನಲ್ಲಿ ಇದೆ, ಅವಳು ಬೆರಳಿಟ್ಟು ತೋರಿಸಿದಳು. ನಾಲ್ಕು ಜನರ ನಡುವೆ ಕೂತು ಉಂಡು ಎಷ್ಟೋ ಕಾಲವಾಗಿತ್ತು. ಇನ್ನು ಮೇಲೆ ಬೇಲಿ ನೋಡಿಕೊಳ್ಳುವುದು, ದನ ನುಗ್ಗದಂತೆ ಕಾಯುವುದು, ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಅಂಚು ಕೆತ್ತುವುದು ನನ್ನೊಬ್ಬನ ಕೆಲಸ. ಹುಳುಮನೆಯಲ್ಲಿ ಇಪ್ಪತ್ತು ಕುಂಡ ಉಳಿಸಿಕೊಂಡಿದ್ದೇನೆ, ಎಲ್ಲಾದರೂ ತೇಪೆ ಹಾಕಬೇಕಾದರೆ ಬೇಕಾಗುತ್ತದೆ.

ನೀನು ಬರೆದಿರುವೆ: "ಅಣ್ಣ, ನೀನು ಗೊತ್ತಿಲ್ಲದೆ ಮಾಡಿದೆ. ಗೊತ್ತಿಲ್ಲದ್ದಕ್ಕೆ ನಾನು ಮೂರು ವರ್ಷ ಶಿಕ್ಷೆ ಕೊಟ್ಟೆ. ಸಾಕು. ಯುಗಾದಿಗೆ ಮನೆಗೆ ಬಾ, ಸಿರಿ ಕೇಳುತ್ತಾಳೆ." ಅದರ ಕೆಳಗೆ ಅವಳು ಪೆನ್ಸಿಲಿನಲ್ಲಿ ಮಾವ ಎಂದು ಬರೆದಿದ್ದಾಳೆ. ವ ಮೊದಲು, ಮಾ ಆಮೇಲೆ. ಓದಲು ನನಗೇನೂ ತೊಂದರೆಯಾಗಲಿಲ್ಲ.

ದೇವರು ನಿಮ್ಮ ಮೂವರನ್ನೂ ಚೆನ್ನಾಗಿಟ್ಟಿರಲಿ. ನೀನು ರಾತ್ರಿ ಪಾಳಿ ಕಡಿಮೆ ಮಾಡಿಕೋ. ಸಿರಿಗೆ ಹಾಲು, ಸೊಪ್ಪು, ರಾಗಿ ತಪ್ಪಿಸಬೇಡ. ಕೆಹಕಶಾನ್ ಕೂಡ ಅದನ್ನೇ ಹೇಳಿದಳು. ಸಿರಿಯ ಮಾತು ನಿಧಾನವಾದರೆ ಆತುರಪಡಿಸಬೇಡ, ಅವಳು ಹುಡುಕಿಕೊಳ್ಳುತ್ತಾಳೆ. ಮಗು ನೂರು ಕಾಲ ಬಾಳಲಿ.

ಇಂತಿ,
ಕೆಂಪರಾಜು

ಮರೆತು ಸೇರಿಸುತ್ತಿರುವುದಲ್ಲ. ಬರೆಯಲು ಆಗದೆ ಕೊನೆಗೆ ಉಳಿದದ್ದು. ಗೊತ್ತಿಲ್ಲದೆ ಮಾಡಿದೆ ಎಂದು ನೀನು ಬರೆದ ಮೇಲೆ ಇದನ್ನು ಬರೆಯದೆ ನಿನ್ನ ಮನೆಯ ಹೊಸಿಲು ದಾಟಲಾರೆ. 2005ರ ಜನವರಿಯಲ್ಲಿ ಒಂದು ಬೆಳೆಯ ಹುಳುಗಳು ಗೂಡು ಕಟ್ಟುವ ಮೊದಲೇ ಬಾಯಿಂದ ನೀರು ಸುರಿಸಿ ಸತ್ತವು. ಶೆಡ್ಡಿನ ಪಕ್ಕದ ಸಾಲುಗಳಿಗೆ ಹೋಗಿ ಎಲೆ ಸವರಿ ನೋಡಿದೆ, ಬೆರಳಿಗೆ ಬೂದು ಅಂಟಿತು. ಅವತ್ತಿನಿಂದ ಆ ಸಾಲುಗಳ ಸೊಪ್ಪನ್ನು ಹುಳುವಿಗೆ ಹಾಕಲಿಲ್ಲ. ಕೆರೆ ಕೆಳಗಿನ ತೋಟದಿಂದ ಬೇರೆ ಸೊಪ್ಪು ತಲೆಯ ಮೇಲೆ ಹೊತ್ತು ತಂದೆ. ಮುಂದಿನ ಬೆಳೆ ಬದುಕಿತು. ನೀನು ಸಿರಿಯನ್ನು ಕರೆದುಕೊಂಡು ಹೋದದ್ದು ಸೆಪ್ಟೆಂಬರಿನಲ್ಲಿ. ಆ ಎಂಟು ತಿಂಗಳೂ ಅವಳು ಆಡಿದ್ದು ಆ ಸಾಲುಗಳ ನಡುವೆಯೇ, ಹಿಪ್ಪುನೇರಳೆ ಹಣ್ಣು ಕಿತ್ತು ತಿಂದದ್ದು ಆ ಗಿಡಗಳದ್ದೇ. ನಿನ್ನ ಟ್ರೈನಿಂಗ್ ಮುಗಿದು ಮಾಗಡಿಯಲ್ಲಿ ಕೆಲಸವಾಗಿತ್ತು. ಬೂದಿಯ ವಿಷಯ ಹೇಳಿದರೆ ನೀನು ಮರುದಿನದ ಬಸ್ಸಿಗೇ ಬಂದು ಮಗುವನ್ನು ಕರೆದುಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ನಾನು ಮತ್ತೆ ಒಬ್ಬನೇ ಆಗುತ್ತಿದ್ದೆ. ಅದಕ್ಕೆ ಹೇಳಲಿಲ್ಲ. ನನಗೆ ಗೊತ್ತಿತ್ತು, ಮಾಯಿ. ಇದನ್ನು ಓದಿದ ಮೇಲೂ ಬಾ ಎಂದು ಇನ್ನೊಂದು ಸಲ ಬರೆದರೆ ಯುಗಾದಿಗೆ ಬರುತ್ತೇನೆ. ಬರೆಯದಿದ್ದರೆ, ಇಲ್ಲಿ ಬೇಲಿ ನೋಡಿಕೊಂಡು ಇರುತ್ತೇನೆ.